ಎರಡೂವರೆ ಲಕ್ಷಕ್ಕೆ ಸಹಿ ಹಾಕುವ ಮುನ್ನ

2022ರ ಜುಲೈ ತಿಂಗಳು. ಹೊರಗೆ ಎಡೆಬಿಡದ ಮಳೆ. ಬೆಳಗಿನ ಜಾವ ಐದೂಕಾಲಿಗೆ ಅಕ್ಕನ ಫೋನು ಬಂತು. "ಶಿಳ್‌ಫಾಟಾದಲ್ಲಿ ಭಾವನಿಗೆ ಲಾರಿ ಬಡಿದಿದೆಯಂತೆ. ನನಗೆ ಕೈಕಾಲು ಆಡುವುದಿಲ್ಲ, ನೀನು ಬೇಗ ಬಾ ಮಾರಾಯ" ಎಂದವಳೇ ಅಳತೊಡಗಿದಳು.

ಭಾವ ಕಲ್ಯಾಣದ ಒಂದು ಹೊಟೇಲಿನಲ್ಲಿ ಹದಿನೆಂಟು ವರ್ಷಗಳಿಂದ ದುಡಿಯುತ್ತಿದ್ದರು. ಹೆಸರಿಗೆ ಮ್ಯಾನೇಜರ್. ಆದರೆ ನಮ್ಮ ಹೊಟೇಲುಗಳಲ್ಲಿ ಮ್ಯಾನೇಜರ್ ಎಂದರೆ ಏನೆಂದು ಓದುಗರಿಗೆ ಗೊತ್ತಿದೆ. ಗಲ್ಲೆಯಲ್ಲಿ ಕೂರುವವರೂ ಅವರೇ, ಭಟ್ಟರು ಬಾರದಿದ್ದರೆ ದೋಸೆ ಕಾವಲಿಯ ಮುಂದೆ ನಿಲ್ಲುವವರೂ ಅವರೇ, ವಾರಕ್ಕೆ ಮೂರು ದಿನ ವಾಶಿಯ ಎಪಿಎಂಸಿ ಮಾರುಕಟ್ಟೆಗೆ ಹೋಗಿ ತರಕಾರಿ ದರ ಕುದುರಿಸುವವರೂ ಅವರೇ. ಅಂದೂ ಸ್ಕೂಟರಿನಲ್ಲಿ ವಾಶಿಗೆ ಹೊರಟಿದ್ದರು. ಕಲ್ಯಾಣ-ಶಿಳ್ ರಸ್ತೆಯಿಂದ ಬಂದು ಶಿಳ್‌ಫಾಟಾ ದಾಟಿ ನೇರ ಮಹಾಪೆಯ ಕಡೆಗೆ ಹೋಗಬೇಕು. ಅವರ ಬಲಕ್ಕೆ ಒಂದು ಟ್ರೇಲರ್ ಇತ್ತು. ಅದು ಸಿಗ್ನಲ್ ಕೊಡದೆ ಒಮ್ಮೆಲೇ ಪನ್ವೇಲ್ ಕಡೆಗೆ ಎಡಕ್ಕೆ ತಿರುಗಿತು. ಮುಂಭಾಗ ಅವರನ್ನು ದಾಟಿ ಹೋಯಿತು, ಹಿಂದಿನ ಚಕ್ರ ದಾಟಲಿಲ್ಲ. ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು. ಆಗ ಅವರಿಗೆ 42 ವರ್ಷ. ಮಗಳು ಒಂಬತ್ತನೆಯ ತರಗತಿ, ಮಗ ಐದನೆಯದು.

ಈ ಲೇಖನ ಬರೆಯುತ್ತಿರುವುದು ದುಃಖ ಹಂಚಿಕೊಳ್ಳಲು ಅಲ್ಲ. ನಾನು ವಕೀಲನೂ ಅಲ್ಲ, ಖಾಸಗಿ ಕಂಪೆನಿಯೊಂದರಲ್ಲಿ ಲೆಕ್ಕ ಬರೆಯುವವನು. ಆದರೆ ಆ ದಿನದಿಂದ ಎರಡೂವರೆ ವರ್ಷ ಆಸ್ಪತ್ರೆ, ಪೊಲೀಸ್ ಚೌಕಿ ಮತ್ತು ಥಾಣೆಯ ನ್ಯಾಯಾಲಯದ ಮೆಟ್ಟಿಲು ಹತ್ತಿ ಇಳಿದಾಗ ಕಲಿತ ಕೆಲವು ಸಂಗತಿಗಳಿವೆ. ಅವು ಮೊದಲೇ ಗೊತ್ತಿದ್ದರೆ ನಾನು ಒಂದು ದೊಡ್ಡ ತಪ್ಪಿನ ಅಂಚಿಗೆ ಹೋಗುತ್ತಿರಲಿಲ್ಲ.

ಆಸ್ಪತ್ರೆಗೆ ಬಂದ ಮನುಷ್ಯ

ಅಪಘಾತವಾಗಿ ಹನ್ನೆರಡನೆಯ ದಿನ. ಆಸ್ಪತ್ರೆಯ ಬಿಲ್ಲು ಮೂರು ಲಕ್ಷ ದಾಟಿತ್ತು. ಹೊಟೇಲಿನ ಧಣಿಗಳು ಒಂದಷ್ಟು ಕೊಟ್ಟಿದ್ದರು, ಊರಿನ ಬಂಧುಗಳು ಕಳಿಸಿದ್ದರು, ಅಕ್ಕನ ಕರಿಮಣಿ ಬಿಟ್ಟು ಉಳಿದ ಚಿನ್ನವೆಲ್ಲ ಅಡವಿಗೆ ಹೋಗಿತ್ತು. ಆಗ ಒಬ್ಬ ಮನುಷ್ಯ ವಾರ್ಡಿನ ಹೊರಗೆ ನನ್ನನ್ನು ಹುಡುಕಿಕೊಂಡು ಬಂದ. ವಿಮೆಯ ಕಡೆಯವನು ಎಂದ. ಮರಾಠಿಯಲ್ಲಿ ಬಹಳ ನಯವಾಗಿ ಮಾತಾಡಿದ. ಸರಕಾರದ ಹೊಸ ಕಾನೂನಿನಲ್ಲಿ ಗಂಭೀರ ಗಾಯಕ್ಕೆ ಎರಡೂವರೆ ಲಕ್ಷ ಎಂದು ಗೊತ್ತುಮಾಡಿದ್ದಾರೆ, ಕೋರ್ಟು ಕಚೇರಿ ಎಂದರೆ ಹತ್ತು ವರ್ಷ, ಇಲ್ಲಿ ಸಹಿ ಹಾಕಿದರೆ ತಿಂಗಳೊಳಗೆ ಹಣ ಕೈಗೆ ಬರುತ್ತದೆ ಎಂದ.

ನಿಜ ಹೇಳುತ್ತೇನೆ, ನನಗೆ ಅವನು ದೇವರ ಹಾಗೆ ಕಂಡ. ಅಕ್ಕನಿಗೆ ಪೆನ್ನು ಕೊಟ್ಟವನು ನಾನೇ. ಆದರೆ ಅಕ್ಕ, "ಅವರಿಗೆ ಸರಿಯಾಗಿ ಎಚ್ಚರ ಬರಲಿ, ಅವರನ್ನು ಕೇಳದೆ ನಾನು ಯಾವ ಕಾಗದಕ್ಕೂ ಸಹಿ ಹಾಕುವುದಿಲ್ಲ" ಎಂದಳು. ನನಗೆ ಅವಳ ಮೇಲೆ ಸಿಟ್ಟೇ ಬಂತು. ಎರಡು ದಿನದ ಮೇಲೆ, ನಮ್ಮ ಕಟ್ಟಡದವರೊಬ್ಬರ ಪರಿಚಯದಿಂದ ಥಾಣೆಯ ಒಬ್ಬ ಹಿರಿಯ ವಕೀಲರ ಬಳಿ ಹೋದೆ. ಅವರು ಎಲ್ಲ ಕೇಳಿ, "ನಿಮ್ಮ ಅಕ್ಕ ನಿಮಗಿಂತ ಜಾಣೆ" ಎಂದರು.

ವಿಷಯ ಹೀಗಿದೆ. 1988ರ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ದೊಡ್ಡ ತಿದ್ದುಪಡಿಯಾಯಿತು. ಪರಿಹಾರಕ್ಕೆ ಸಂಬಂಧಿಸಿದ ಭಾಗ 2022ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅದರ ಪ್ರಕಾರ ಎರಡು ದಾರಿಗಳಿವೆ. ಮೊದಲನೆಯದು ಕಲಂ 164. ಇಲ್ಲಿ ತಪ್ಪು ಯಾರದೆಂದು ಸಾಬೀತು ಮಾಡಬೇಕಾಗಿಲ್ಲ. ಸಾವಿಗೆ 5 ಲಕ್ಷ, ಗಂಭೀರ ಗಾಯಕ್ಕೆ 2.5 ಲಕ್ಷ ರೂಪಾಯಿ. ಎರಡನೆಯದು ಕಲಂ 166. ಇಲ್ಲಿ ಎದುರಿನ ವಾಹನದವನ ನಿರ್ಲಕ್ಷ್ಯವನ್ನು ತೋರಿಸಬೇಕು, ಆದರೆ ಮೊತ್ತಕ್ಕೆ ಗೊತ್ತಾದ ಮಿತಿ ಇಲ್ಲ. ಹೋದ ದುಡಿಮೆ, ಮುಂದಿನ ಚಿಕಿತ್ಸೆ, ನೋವು ಎಲ್ಲವನ್ನೂ ಲೆಕ್ಕ ಹಾಕಿ ನ್ಯಾಯಯುತ ಪರಿಹಾರ ಕೊಡಬೇಕು.

ಆ ಮನುಷ್ಯ ಹೇಳಿದ್ದು ಸುಳ್ಳಲ್ಲ, ಅರ್ಧ ಮಾತ್ರ ಸತ್ಯ. ಅವನು ಹೇಳದೆ ಬಿಟ್ಟ ಇನ್ನರ್ಧ ಕಲಂ 166ರಲ್ಲೇ ಇದೆ. ಕಾನೂನಿನ ಕ್ರಮದಂತೆ ಕಲಂ 164ರ ಹಣವನ್ನು ಒಪ್ಪಿ ತೆಗೆದುಕೊಂಡರೆ ನ್ಯಾಯಾಧಿಕರಣದ ಮುಂದಿನ ಅರ್ಜಿ ಅಲ್ಲಿಗೇ ರದ್ದಾಗುತ್ತದೆ. ಅಂದರೆ ಎರಡೂವರೆ ಲಕ್ಷ ಪಡೆದು ಆಮೇಲೆ ಉಳಿದದ್ದಕ್ಕೆ ಹೋರಾಡುತ್ತೇನೆ ಎನ್ನುವಂತಿಲ್ಲ. ಸಣ್ಣ ಮೂಳೆ ಮುರಿತಕ್ಕೆ, ಅಥವಾ ತಪ್ಪು ಯಾರದೆಂದು ತೋರಿಸಲು ಯಾವ ದಾರಿಯೂ ಇಲ್ಲದವರಿಗೆ ಕಲಂ 164 ಒಳ್ಳೆಯ ಆಸರೆ. 42 ವರ್ಷದ ದುಡಿಯುವ ಮನುಷ್ಯ ಕಾಲು ಕಳೆದುಕೊಂಡಾಗ ಅದು ಕೈಗೆ ಬಂದ ತುತ್ತನ್ನು ಚೆಲ್ಲಿದ ಹಾಗೆ.

ಆರು ತಿಂಗಳ ಗಡಿಯಾರ

ನನ್ನ ಎರಡನೆಯ ತಪ್ಪು ನಿಧಾನ. ವಕೀಲರು ಕಾಗದ ಪತ್ರಗಳ ಪಟ್ಟಿ ಕೊಟ್ಟಿದ್ದರು. ಆದರೆ ಗಾಯ ಮಾಗಲಿ, ಗಣಪತಿ ಹಬ್ಬ ಕಳೆಯಲಿ, ದೀಪಾವಳಿ ಕಳೆಯಲಿ ಎಂದು ನಾನು ಮುಂದೂಡುತ್ತ ಹೋದೆ. ಹಿಂದೆ ಇಂಥ ಅರ್ಜಿಗಳಿಗೆ ಕಾಲಮಿತಿ ಇರಲಿಲ್ಲ, ಊರಿನಲ್ಲಿ ನಮ್ಮ ಚಿಕ್ಕಪ್ಪನ ಅರ್ಜಿ ಹಾಕಿದ್ದು ಮೂರು ವರ್ಷದ ಮೇಲೆ. ಅದೇ ನೆನಪಿನಲ್ಲಿ ಇದ್ದೆ. ಆದರೆ ಹೊಸ ತಿದ್ದುಪಡಿಯಲ್ಲಿ ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಸಲ್ಲಿಸಬೇಕು ಎಂಬ ನಿಯಮ ಮರಳಿ ಬಂದಿದೆ. ನವೆಂಬರ್ ಕೊನೆಗೆ ವಕೀಲರೇ ಫೋನು ಮಾಡಿ ಗದರಿಸಿದ ಮೇಲೆ ನನಗೆ ಎಚ್ಚರವಾಯಿತು. ಡಿಸೆಂಬರಿನಲ್ಲಿ ಅರ್ಜಿ ಹಾಕಿದೆವು. ಈ ಮಿತಿಯನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿನ ಮುಂದೆ ಹೋಗಿವೆ. ಆದರೂ ಅದನ್ನು ನಂಬಿ ಯಾರೂ ಸುಮ್ಮನೆ ಕೂರಬಾರದು. ಆರು ತಿಂಗಳು ಎಂದರೆ ಆರೇ ತಿಂಗಳು ಎಂದು ತಿಳಿಯುವುದು ಕ್ಷೇಮ.

ಪೊಲೀಸರಿಗೂ ಈಗ ಕಾಲಮಿತಿ ಇದೆ. 2022ರಲ್ಲಿ ಬಂದ ಕೇಂದ್ರ ನಿಯಮಗಳ ಪ್ರಕಾರ ತನಿಖಾಧಿಕಾರಿ 48 ಗಂಟೆಯೊಳಗೆ ಮೊದಲ ಅಪಘಾತ ವರದಿಯನ್ನು ನ್ಯಾಯಾಧಿಕರಣಕ್ಕೆ ಕಳಿಸಬೇಕು, 50 ದಿನದೊಳಗೆ ಮಧ್ಯಂತರ ವರದಿ, 90 ದಿನದೊಳಗೆ ವಿವರವಾದ ವರದಿ ಕೊಡಬೇಕು. ಆ ವರದಿಯನ್ನೇ ಪರಿಹಾರದ ಅರ್ಜಿ ಎಂದು ನ್ಯಾಯಾಧಿಕರಣ ಪರಿಗಣಿಸಲೂಬಹುದು. 2022ರ ಡಿಸೆಂಬರಿನಲ್ಲಿ ಗೋಹರ್ ಮೊಹಮ್ಮದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇವನ್ನು ಕಟ್ಟುನಿಟ್ಟಾಗಿ ಪಾಲಿಸಲು ಆದೇಶಿಸಿತು. ನಮ್ಮ ವಿಷಯದಲ್ಲಿ ಆ ಕಾಗದಗಳು ತಾವಾಗಿ ನಡೆದು ಬರಲಿಲ್ಲ. ಲಿಖಿತ ಅರ್ಜಿ ಕೊಟ್ಟು, ಕೊಟ್ಟದ್ದಕ್ಕೆ ಮುದ್ರೆ ಹಾಕಿಸಿಕೊಂಡು, ಮೂರು ಸಲ ಹೋದ ಮೇಲೆ ಬಂದವು. ಪೊಲೀಸರು ಕಳಿಸಿರುತ್ತಾರೆ ಎಂದು ನಂಬದೆ ಸ್ವಂತ ಅರ್ಜಿ ಹಾಕುವುದೇ ಮೇಲು.

ಎಲ್ಲಿ ಅರ್ಜಿ ಹಾಕಬೇಕು?

ಇದು ನಮ್ಮಂಥ ವಲಸಿಗರಿಗೆ ಬಹಳ ಮುಖ್ಯ. ನಾವು ಇರುವುದು ಡೊಂಬಿವಲಿಯಲ್ಲಿ, ದುಡಿಯುವುದು ನವಿಮುಂಬಯಿಯಲ್ಲಿ, ಮದುವೆ ಮುಂಜಿಗೆ ಓಡುವುದು ಊರಿಗೆ. ಸಾತಾರ, ಕೊಲ್ಹಾಪುರ, ಬೆಳಗಾವಿ, ಎಲ್ಲಿಯೂ ಅನಾಹುತವಾಗಬಹುದು. ಅಲ್ಲಿಗೆ ಹೋಗಿ ದಾವೆ ನಡೆಸುವುದು ಸಾಧ್ಯವೇ ಎಂದು ಎಷ್ಟೋ ಮಂದಿ ಕೈಬಿಡುತ್ತಾರೆ. ಹೋಗಬೇಕಾಗಿಲ್ಲ. ಅಪಘಾತವಾದ ಸ್ಥಳ, ಅರ್ಜಿದಾರ ವಾಸಿಸುವ ಅಥವಾ ವ್ಯವಹಾರ ನಡೆಸುವ ಸ್ಥಳ, ಎದುರುದಾರ ವಾಸಿಸುವ ಸ್ಥಳ, ಈ ಮೂರರಲ್ಲಿ ಯಾವುದಾದರೂ ಒಂದರ ನ್ಯಾಯಾಧಿಕರಣವನ್ನು ಆರಿಸಿಕೊಳ್ಳಬಹುದು. ಆಯ್ಕೆ ನಮ್ಮದು.

2024ರ ಜುಲೈಯಲ್ಲಿ ಆಷಾಢ ಏಕಾದಶಿಗೆಂದು ಡೊಂಬಿವಲಿ ಪರಿಸರದಿಂದ ಪಂಢರಪುರಕ್ಕೆ ಹೊರಟ ಭಕ್ತರ ಬಸ್ಸು ಪನ್ವೇಲ್ ಬಳಿ ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ ಟ್ರ್ಯಾಕ್ಟರಿಗೆ ಬಡಿದು ಕಂದಕಕ್ಕೆ ಬಿದ್ದದ್ದು ಓದುಗರಿಗೆ ನೆನಪಿರಬಹುದು. ಐದು ಜೀವಗಳು ಹೋದವು. ದುರಂತ ನಡೆದದ್ದು ರಾಯಗಡ ಜಿಲ್ಲೆಯಲ್ಲಿ, ಮನೆಗಳಿರುವುದು ಥಾಣೆ ಜಿಲ್ಲೆಯಲ್ಲಿ. ಇಂಥ ಸಂದರ್ಭದಲ್ಲಿ ಮನೆಯವರು ಥಾಣೆಯಲ್ಲೇ ಅರ್ಜಿ ಹಾಕಬಹುದು. ಪಡಿತರ ಚೀಟಿ, ಆಧಾರ್, ಬಾಡಿಗೆ ಕರಾರು ಇವುಗಳಲ್ಲಿ ಇಲ್ಲಿಯ ವಿಳಾಸ ಇರಬೇಕು ಅಷ್ಟೇ. ಆಧಾರ್ ಕಾರ್ಡಿನಲ್ಲಿ ಇನ್ನೂ ಊರಿನ ವಿಳಾಸ ಇಟ್ಟುಕೊಂಡವರು ನಮ್ಮಲ್ಲಿ ಬಹಳ. ಅವರು ಇದನ್ನು ಗಮನಿಸಬೇಕು.

ಪಂಚನಾಮೆಯಲ್ಲಿ ಒಂದು ಸಾಲು

ಲಾರಿಗಳ ನಡುವೆಯೇ ನಮ್ಮ ಬದುಕು. ಜವಾಹರಲಾಲ್ ನೆಹರೂ ಬಂದರಿನಿಂದ ಕಂಟೇನರುಗಳು, ಕಳಂಬೋಲಿಯ ಉಕ್ಕಿನ ಮಾರುಕಟ್ಟೆಯಿಂದ ಟ್ರೇಲರುಗಳು, ಭಿವಂಡಿಯ ಗೋದಾಮುಗಳ ಟೆಂಪೋಗಳು, ತಳೋಜಾ ಮತ್ತು ಡೊಂಬಿವಲಿ ಎಂಐಡಿಸಿಯ ಟ್ಯಾಂಕರುಗಳು, ಎಲ್ಲವೂ ಮುಂಬ್ರಾ ಬೈಪಾಸ್, ಶಿಳ್‌ಫಾಟಾ, ಘೋಡ್‌ಬಂದರ್ ರಸ್ತೆಗಳಲ್ಲಿ ಸೇರುತ್ತವೆ. ದೊಡ್ಡ ವಾಹನಕ್ಕೆ ಚಿಕ್ಕದು ಸಿಕ್ಕಿದರೆ ತಪ್ಪು ಯಾವಾಗಲೂ ದೊಡ್ಡದರದ್ದೇ ಎಂಬ ನಂಬಿಕೆ ನಮ್ಮಲ್ಲಿದೆ. ನ್ಯಾಯಾಲಯದಲ್ಲಿ ಹಾಗಿಲ್ಲ. ಕಾಗದ ಏನು ಹೇಳುತ್ತದೆ ಎಂಬುದು ಮುಖ್ಯ.

ಸ್ಥಳ ಪಂಚನಾಮೆ ಮರಾಠಿಯಲ್ಲಿತ್ತು. ಅದರ ಒಂದು ಸಾಲಿನಲ್ಲಿ ಸ್ಕೂಟರ್ ಟ್ರೇಲರಿನ ಎಡಬದಿಯಿಂದ ಮುನ್ನುಗ್ಗಲು ಹೋಗಿ ಜಾರಿದಂತೆ ತೋರುತ್ತದೆ ಎಂದು ಬರೆದಿತ್ತು. ಇದು ಎಲ್ಲಿಂದ ಬಂತು? ಅಪಘಾತದ ಸ್ಥಳದಲ್ಲಿದ್ದ ಟ್ರೇಲರ್ ಚಾಲಕ ಹೇಳಿದ್ದು ಇಷ್ಟೇ. ಭಾವ ಆಗ ಶಸ್ತ್ರಕ್ರಿಯೆಯ ಮೇಜಿನ ಮೇಲಿದ್ದರು. ವಿಮಾ ಕಂಪೆನಿಯ ವಕೀಲರು ಇದೇ ಸಾಲನ್ನು ಹಿಡಿದುಕೊಂಡರು.

ನಮ್ಮನ್ನು ಉಳಿಸಿದ್ದು ಎರಡು ಸಂಗತಿಗಳು. ಒಂದು, ವಾಹನಗಳ ತಪಾಸಣಾ ವರದಿ. ಟ್ರೇಲರಿನ ಮುಂಭಾಗದ ಎಡ ಇಂಡಿಕೇಟರ್ ಕೆಲಸ ಮಾಡುತ್ತಿರಲಿಲ್ಲ ಎಂದು ಅದರಲ್ಲಿ ದಾಖಲಾಗಿತ್ತು. ಇನ್ನೊಂದು, ಒಬ್ಬ ಹುಡುಗ. ಫಾಟಾದ ಬಳಿಯ ಚಹಾ ಟಪರಿಯ ಹತ್ತಿರ ನಾನು ನಾಲ್ಕು ದಿನ ಸುತ್ತಿ ಮರಾಠಿಯಲ್ಲೂ ಹಿಂದಿಯಲ್ಲೂ ವಿಚಾರಿಸಿದೆ. ಯಾರೂ ಏನೂ ನೋಡಿರಲಿಲ್ಲ. ಐದನೆಯ ದಿನ ಅಕ್ಕನಿಗೆ ಫೋನಿನಲ್ಲಿ ಕನ್ನಡದಲ್ಲಿ ಮಾತಾಡುತ್ತಿದ್ದಾಗ, ಟಪರಿಯಲ್ಲಿ ಲೋಟ ತೊಳೆಯುತ್ತಿದ್ದ ಹುಡುಗ ತಲೆಯೆತ್ತಿ, "ಸರ, ಅವ್ರು ಉಳದ್ರೇನ್ರಿ?" ಎಂದು ಕೇಳಿದ. ಯಾದಗಿರಿ ಕಡೆಯವನು. ಅಂದು ಭಾವನನ್ನು ಚಕ್ರದ ಬಳಿಯಿಂದ ಎಳೆದವರಲ್ಲಿ ಅವನೂ ಒಬ್ಬ. ಪೊಲೀಸರ ಗೋಜು ಬೇಡವೆಂದು ಸುಮ್ಮನಿದ್ದ.

ಅವನ ಭಯ ಸಹಜ. ಆದರೆ ಗಾಯಾಳುವಿಗೆ ನೆರವಾದವರನ್ನು ರಕ್ಷಿಸುವ ಕಲಂ 134ಎ ಈಗ ಕಾಯ್ದೆಯಲ್ಲಿದೆ. ನೆರವಾದವರನ್ನು ಠಾಣೆಯಲ್ಲಿ ಹಿಡಿದು ಕೂರಿಸುವಂತಿಲ್ಲ, ಹೆಸರು ಹೇಳಲು ಒತ್ತಾಯಿಸುವಂತಿಲ್ಲ. ಸಾಕ್ಷಿ ಹೇಳುವುದು ಅವರ ಇಷ್ಟ. ಇದನ್ನು ಹೇಳಿದ ಮೇಲೂ ಅವನು ಒಪ್ಪಿಕೊಳ್ಳಲು ಎರಡು ವಾರ ಬೇಕಾಯಿತು. ಕೊನೆಗೆ ಬಂದ. ದಿನದ ಕೂಲಿ ಬಿಟ್ಟು ಎರಡು ಸಲ ಥಾಣೆಗೆ ಬಂದ. ಟ್ರೇಲರ್ ಸಿಗ್ನಲ್ ಇಲ್ಲದೆ ಎಡಕ್ಕೆ ತಿರುಗಿದ್ದನ್ನು ಇದ್ದಕ್ಕಿದ್ದ ಹಾಗೆ ಹೇಳಿದ.

ಇಲ್ಲಿ ಒಂದು ಸಮಾಧಾನದ ಮಾತು. ಕ್ರಿಮಿನಲ್ ಪ್ರಕರಣದ ಹಾಗೆ ಇಲ್ಲಿ ಸಂಶಯಾತೀತವಾಗಿ ಸಾಬೀತು ಮಾಡಬೇಕಾಗಿಲ್ಲ. ಯಾವುದು ಹೆಚ್ಚು ಸಂಭವನೀಯ ಎಂಬುದನ್ನಷ್ಟೇ ನ್ಯಾಯಾಧಿಕರಣ ನೋಡುತ್ತದೆ. ಬಿಮಲಾ ದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು 2009ರಲ್ಲೇ ಹೇಳಿದೆ. ಕ್ರಿಮಿನಲ್ ಕೇಸಿನಲ್ಲಿ ಚಾಲಕ ಬಿಡುಗಡೆಯಾದರೂ ಪರಿಹಾರದ ಅರ್ಜಿ ತಾನಾಗಿ ಬಿದ್ದುಹೋಗುವುದಿಲ್ಲ.

"ನಿಮ್ಮದೂ ತಪ್ಪಿದೆ" ಎಂದಾಗ

ವಿಮಾ ಕಂಪೆನಿಯ ಮೊದಲ ವಾದ ಯಾವಾಗಲೂ ಇದೇ. ನಿಮ್ಮದೂ ತಪ್ಪಿದೆ, ಆದ್ದರಿಂದ ಪರಿಹಾರದಲ್ಲಿ ಕಡಿತ ಮಾಡಿ. ಭಾವನ ವಿಷಯದಲ್ಲಿ, ಹೆಲ್ಮೆಟ್ ಪಟ್ಟಿ ಬಿಗಿದಿರಲಿಲ್ಲ ಎಂದರು. ಹೆಲ್ಮೆಟ್ ಹಾಕುವುದು ಕಾನೂನು, ಹಾಕಲೇಬೇಕು. ಆದರೆ ಚಕ್ರ ಹರಿದದ್ದು ಕಾಲಿನ ಮೇಲೆ. ಹೆಲ್ಮೆಟ್ ಕಾಲನ್ನು ಉಳಿಸುತ್ತಿತ್ತೇ ಎಂದು ನಮ್ಮ ವಕೀಲರು ಕೇಳಿದಾಗ ಆ ವಾದ ಅಲ್ಲಿಗೆ ನಿಂತಿತು. ಮೊಹಮ್ಮದ್ ಸಿದ್ದಿಕಿ ಪ್ರಕರಣದಲ್ಲಿ 2020ರಲ್ಲಿ ಸುಪ್ರೀಂ ಕೋರ್ಟು ಇದೇ ದಾರಿಯಲ್ಲಿ ಯೋಚಿಸಿತು. ಬೈಕಿನಲ್ಲಿ ಮೂವರು ಕೂತದ್ದು ನಿಯಮಭಂಗ ಇರಬಹುದು, ಆದರೆ ಅಪಘಾತಕ್ಕೋ ಗಾಯಕ್ಕೋ ಅದು ಕಾರಣವಾಯಿತೆಂದು ತೋರಿಸದೆ ಪರಿಹಾರ ಕಡಿಮೆ ಮಾಡುವಂತಿಲ್ಲ ಎಂದಿತು.

ಕರ್ನಾಟಕದ್ದೇ ಒಂದು ಪ್ರಕರಣ ಇಲ್ಲಿ ಹೇಳಬೇಕು. 2013ರ ಆಗಸ್ಟಿನಲ್ಲಿ ರಾತ್ರಿ ಹೊತ್ತು ಹೆದ್ದಾರಿಯ ನಡುವೆ ಬೆಳಕಿಲ್ಲದೆ, ಎಚ್ಚರಿಕೆಯ ಗುರುತಿಲ್ಲದೆ ನಿಂತಿದ್ದ ಟ್ರೇಲರಿಗೆ ಕಾರೊಂದು ಬಡಿದು ಒಂದೇ ಕುಟುಂಬದ ಜೀವಗಳು ಹೋದವು. ನಿಂತ ವಾಹನಕ್ಕೆ ಬಡಿದದ್ದರಿಂದ ಕಾರಿನವರದ್ದೂ ಅರ್ಧ ತಪ್ಪು ಎಂದು ಪರಿಹಾರವನ್ನು ಅರ್ಧಕ್ಕೆ ಇಳಿಸಲಾಗಿತ್ತು. ಸುಷ್ಮಾ ವಿರುದ್ಧ ನಿತಿನ್ ಗಣಪತಿ ರಂಗೋಲೆ ಎಂಬ ಈ ಪ್ರಕರಣ ಧಾರವಾಡ ಪೀಠದಿಂದ ಸುಪ್ರೀಂ ಕೋರ್ಟಿಗೆ ಹೋಯಿತು. 2024ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಆ ಕಡಿತವನ್ನು ತೆಗೆದುಹಾಕಿತು. ಕತ್ತಲಲ್ಲಿ ಗುರುತಿಲ್ಲದೆ ಲಾರಿ ನಿಲ್ಲಿಸಿದವರದ್ದೇ ತಪ್ಪು, ಚಾಲಕನ ತಪ್ಪನ್ನು ಕಾರಿನಲ್ಲಿ ಕೂತ ಪ್ರಯಾಣಿಕರ ಮೇಲೆ ಹೊರಿಸುವಂತೆಯೂ ಇಲ್ಲ ಎಂದಿತು. ನಮ್ಮ ಭಿವಂಡಿ, ಕಳಂಬೋಲಿ ರಸ್ತೆಗಳ ಬದಿಯಲ್ಲಿ ರಾತ್ರಿಯಿಡೀ ನಿಲ್ಲುವ ಲಾರಿಗಳನ್ನು ನೋಡುವಾಗ ನನಗೆ ಈ ತೀರ್ಪು ನೆನಪಾಗುತ್ತದೆ.

ಕಾಲಿನ ಬೆಲೆ ಹೇಗೆ ಲೆಕ್ಕ ಹಾಕುತ್ತಾರೆ

ಲೆಕ್ಕ ಬರೆಯುವವನಾದ್ದರಿಂದ ಈ ಭಾಗ ನನಗೆ ಬೇಗ ಅರ್ಥವಾಯಿತು. ಆದಾಯವನ್ನು ವಯಸ್ಸಿಗೆ ತಕ್ಕ ಒಂದು ಗುಣಕದಿಂದ ಗುಣಿಸುತ್ತಾರೆ. ಈ ಗುಣಕಗಳ ಪಟ್ಟಿಯನ್ನು 2009ರ ಸರಳಾ ವರ್ಮಾ ತೀರ್ಪು ಸ್ಥಿರಗೊಳಿಸಿತು. ಅದನ್ನು ಬರೆದವರು ಹಿಂದೆ ಕರ್ನಾಟಕ ಹೈಕೋರ್ಟಿನಲ್ಲಿದ್ದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್. 25 ವರ್ಷದೊಳಗಿನವರಿಗೆ 18, 31ರಿಂದ 35ಕ್ಕೆ 16, 41ರಿಂದ 45ಕ್ಕೆ 14, 51ರಿಂದ 55ಕ್ಕೆ 11, ಹೀಗೆ ಇಳಿಯುತ್ತ ಹೋಗುತ್ತದೆ. 2017ರ ಪ್ರಣಯ್ ಸೇಠಿ ತೀರ್ಪಿನಂತೆ ಮುಂದೆ ಹೆಚ್ಚಬಹುದಾದ ಸಂಪಾದನೆಯನ್ನೂ ಸೇರಿಸಬೇಕು. ಸ್ವಂತ ಉದ್ಯೋಗದವರಿಗೆ ಅಥವಾ ನಿಗದಿತ ಸಂಬಳದವರಿಗೆ 40 ವರ್ಷದೊಳಗೆ ಶೇ. 40, ಐವತ್ತರೊಳಗೆ ಶೇ. 25, ಅರುವತ್ತರೊಳಗೆ ಶೇ. 10.

ಭಾವನಿಗೆ ಸಿಗುತ್ತಿದ್ದುದು ತಿಂಗಳಿಗೆ 18,000. ಅರ್ಧ ಬ್ಯಾಂಕಿಗೆ, ಅರ್ಧ ಕೈಗೆ. ಸಂಬಳದ ಚೀಟಿ ಎಂಬುದು ಇರಲೇ ಇಲ್ಲ. ಧಣಿಗಳು ನ್ಯಾಯಾಲಯಕ್ಕೆ ಬಂದು ಹೇಳಿದರು, ಆದರೂ ನ್ಯಾಯಾಧಿಕರಣ ಒಪ್ಪಿದ್ದು 15,000. ಇದು ನಮ್ಮವರ ಹಳೆಯ ರೋಗ. ಆದರೆ ದಾಖಲೆ ಇಲ್ಲದವರಿಗೆ ದಾರಿಯೇ ಇಲ್ಲ ಎಂದಲ್ಲ. ಕರ್ನಾಟಕದ ಕೂಲಿಕಾರ ರಾಮಚಂದ್ರಪ್ಪ ಎಂಬವರ ಪ್ರಕರಣದಲ್ಲಿ 2011ರಲ್ಲಿ ಸುಪ್ರೀಂ ಕೋರ್ಟು ಅವರು ಹೇಳಿದ 4,500 ರೂಪಾಯಿ ಮಾಸಿಕ ಆದಾಯವನ್ನು ಯಾವ ಕಾಗದವೂ ಇಲ್ಲದೆ ಒಪ್ಪಿತು. ಮನೆವಾರ್ತೆ ನೋಡುವ ಗೃಹಿಣಿಯರ ದುಡಿಮೆಗೂ ಬೆಲೆ ಕಟ್ಟಬೇಕೆಂದು 2021ರ ಕೀರ್ತಿ ಪ್ರಕರಣದಲ್ಲಿ ಹೇಳಿತು. "ಅವಳು ಮನೆಯಲ್ಲೇ ಇದ್ದಳು, ಆದಾಯ ಏನಿಲ್ಲ" ಎಂದು ಯಾರೂ ಕೈಚೆಲ್ಲಬಾರದು.

ಇನ್ನು ನ್ಯೂನತೆ. ವೈದ್ಯರ ಪ್ರಮಾಣಪತ್ರದಲ್ಲಿ ಆ ಕಾಲಿಗೆ ಶೇ. 60 ಎಂದಿತ್ತು. ಗಲ್ಲೆಯಲ್ಲಿ ಕೂರುವವನಿಗೆ ಕಾಲು ಯಾಕೆ, ಶೇ. 30 ಸಾಕು ಎಂದು ಎದುರಿನವರ ವಾದ. ನ್ಯಾಯಮೂರ್ತಿ ರವೀಂದ್ರನ್ ಅವರೇ ಬರೆದ ರಾಜ್ ಕುಮಾರ್ ತೀರ್ಪು ಇಲ್ಲಿ ಕೆಲಸಕ್ಕೆ ಬಂತು. ದೇಹದ ನ್ಯೂನತೆ ಬೇರೆ, ದುಡಿಮೆಯ ನಷ್ಟ ಬೇರೆ. ಕೈ ಕಳೆದುಕೊಂಡ ಗುಮಾಸ್ತನ ನೌಕರಿ ಉಳಿಯಬಹುದು, ಅದೇ ಕೈ ಕಳೆದುಕೊಂಡ ಬಡಗಿಗೋ ಚಾಲಕನಿಗೋ ದುಡಿಮೆಯೇ ಮುಗಿಯಿತು. ಕರ್ನಾಟಕದ ತರಕಾರಿ ವ್ಯಾಪಾರಿ ಸಯ್ಯದ್ ಸಾದಿಕ್ ಕಾಲು ಕಳೆದುಕೊಂಡಾಗ ಹೈಕೋರ್ಟು ಶೇ. 65 ಎಂದದ್ದನ್ನು ಸುಪ್ರೀಂ ಕೋರ್ಟು 2014ರಲ್ಲಿ ಶೇ. 85ಕ್ಕೆ ಏರಿಸಿತು. ಭಾವ ಅಡುಗೆಮನೆಯಲ್ಲಿ ನಿಲ್ಲುತ್ತಿದ್ದರು, ಮಾರುಕಟ್ಟೆಗೆ ಹೋಗುತ್ತಿದ್ದರು ಎಂದು ಧಣಿಗಳ ಸಾಕ್ಷ್ಯದಿಂದ ತೋರಿಸಿದೆವು. ನ್ಯಾಯಾಧಿಕರಣ ದುಡಿಮೆಯ ನಷ್ಟ ಶೇ. 70 ಎಂದು ಒಪ್ಪಿತು.

ಲೆಕ್ಕ ಹೀಗೆ. ವರ್ಷಕ್ಕೆ 1,80,000. ಶೇ. 25 ಸೇರಿದರೆ 2,25,000. 14ರಿಂದ ಗುಣಿಸಿದರೆ 31,50,000. ಅದರ ಶೇ. 70 ಎಂದರೆ 22,05,000. ಅದಕ್ಕೆ ಔಷಧದ ಬಿಲ್ಲು 4,35,000, ಕೃತಕ ಕಾಲು ಮತ್ತು ಮುಂದೆ ಅದನ್ನು ಬದಲಿಸುವ ಖರ್ಚು 3 ಲಕ್ಷ, ನೋವು ಮತ್ತು ಬದುಕಿನ ಸುಖ ಕಳೆದುಕೊಂಡದ್ದಕ್ಕೆ 2 ಲಕ್ಷ, ಓಡಾಟ ಆರೈಕೆಗೆ 60,000. ಒಟ್ಟು 32 ಲಕ್ಷ. ದೊಡ್ಡ ವಾಹನದ ಎಡಕ್ಕೆ ತೀರ ಹತ್ತಿರದಲ್ಲಿ ಹೋದದ್ದಕ್ಕೆ ಶೇ. 10 ಕಳೆದು, 28,80,000 ರೂಪಾಯಿ, ಅರ್ಜಿ ಹಾಕಿದ ದಿನದಿಂದ ಬಡ್ಡಿ ಸಮೇತ. 2025ರ ಆರಂಭದಲ್ಲಿ ತೀರ್ಪು ಬಂತು. ಔಷಧಕ್ಕೆ ನಾವು ಖರ್ಚು ಮಾಡಿದ್ದು ಇದಕ್ಕಿಂತ ಹೆಚ್ಚು. ಬಿಲ್ಲು ಇಟ್ಟುಕೊಳ್ಳದ್ದು ಹೋಯಿತು.

ಸಾವು ಸಂಭವಿಸಿದ್ದರೆ ಲೆಕ್ಕದಲ್ಲಿ ಒಂದು ವ್ಯತ್ಯಾಸ. ಮೃತರು ತಮಗಾಗಿ ಖರ್ಚು ಮಾಡುತ್ತಿದ್ದ ಪಾಲನ್ನು ಕಳೆಯುತ್ತಾರೆ. ಅವಲಂಬಿತರು ಇಬ್ಬರು ಮೂವರಿದ್ದರೆ ಮೂರನೇ ಒಂದು, ನಾಲ್ವರಿಂದ ಆರು ಮಂದಿ ಇದ್ದರೆ ನಾಲ್ಕನೇ ಒಂದು, ಅವಿವಾಹಿತರಾದರೆ ಸಾಮಾನ್ಯವಾಗಿ ಅರ್ಧ. ಊರಿನಲ್ಲಿರುವ ವಯಸ್ಸಾದ ತಾಯಿಯೂ ಅವಲಂಬಿತಳೇ. ಅರ್ಜಿಯಲ್ಲಿ ಅವಳ ಹೆಸರನ್ನು ಮರೆಯಬೇಡಿ.

ಇನ್ನೂ ಕೆಲವು ತಿಳಿಯಬೇಕಾದವು

ಅರ್ಜಿಯಲ್ಲಿ ಚಾಲಕ, ಮಾಲೀಕ, ವಿಮಾ ಕಂಪೆನಿ ಮೂವರನ್ನೂ ಸೇರಿಸಬೇಕು. ಲಾರಿಯ ನಂಬರು ಸಿಕ್ಕರೆ ಎಂ-ಪರಿವಾಹನ್ ಆ್ಯಪ್‌ನಲ್ಲಿ ವಿಮೆ ಚಾಲ್ತಿಯಲ್ಲಿದೆಯೇ ಎಂದು ನೋಡಬಹುದು. ಚಾಲಕನ ಲೈಸೆನ್ಸ್ ಸರಿಯಿಲ್ಲದಿದ್ದರೆ ಗಾಯಾಳುವಿನ ಗತಿ ಏನು ಎಂಬ ಭಯ ಬೇಡ. 2004ರ ಸ್ವರಣ್ ಸಿಂಗ್ ತೀರ್ಪಿನ ನಂತರ ಇಂಥ ಕಡೆ ವಿಮಾ ಕಂಪೆನಿ ಮೊದಲು ಗಾಯಾಳುವಿಗೆ ಹಣ ಕೊಟ್ಟು ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ ಎಂದು ಆದೇಶಿಸುವುದುಂಟು.

ಆದರೆ ಒಂದು ಎಚ್ಚರಿಕೆ. ಊರಿಗೆ ಹೋಗಲು ಪರಿಚಯದ ಲಾರಿಯಲ್ಲಿ ಪುಕ್ಕಟೆ ಹತ್ತಿ ಕೂರುವ ಅಭ್ಯಾಸ ನಮ್ಮ ಹುಡುಗರಲ್ಲಿದೆ. ಸರಕು ವಾಹನದಲ್ಲಿ ಹೀಗೆ ಪ್ರಯಾಣಿಸುವವರಿಗೆ ವಿಮೆಯ ರಕ್ಷಣೆ ಇಲ್ಲ ಎಂದು 2002ರ ಆಶಾ ರಾಣಿ ತೀರ್ಪು ಹೇಳಿದೆ. ಸರಕಿನ ಮಾಲೀಕ ಅಥವಾ ಅವನ ಪ್ರತಿನಿಧಿಯಾಗಿ ಸರಕಿನೊಂದಿಗೆ ಹೋಗುವವರ ಮಾತು ಬೇರೆ.

ಬಡಿದು ಓಡಿಹೋದ ವಾಹನ ಪತ್ತೆಯಾಗದಿದ್ದರೆ ಕಲಂ 161ರಂತೆ ಸಾವಿಗೆ 2 ಲಕ್ಷ, ಗಂಭೀರ ಗಾಯಕ್ಕೆ 50,000 ರೂಪಾಯಿ ಇದೆ. ಅದಕ್ಕೆ ನ್ಯಾಯಾಧಿಕರಣವಲ್ಲ, ಪ್ರಾಂತಾಧಿಕಾರಿ ಅಥವಾ ತಹಸೀಲ್ದಾರರ ಕಚೇರಿಗೆ ಹೋಗಬೇಕು. 2025ರ ಮೇ ತಿಂಗಳಿಂದ ಬಂದ ಕೇಂದ್ರ ಯೋಜನೆಯಲ್ಲಿ ರಸ್ತೆ ಅಪಘಾತದ ಗಾಯಾಳುಗಳಿಗೆ ನಿಗದಿತ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ 1.5 ಲಕ್ಷ ರೂಪಾಯಿಯ ನಗದುರಹಿತ ಚಿಕಿತ್ಸೆ ಇದೆ. ಅಕ್ಕನ ಕಾಲಕ್ಕೆ ಇದು ಇರಲಿಲ್ಲ.

ಗಾಯಗೊಂಡವನು ಲಾರಿಯ ಚಾಲಕನೋ ಕ್ಲೀನರೋ ಆದರೆ 2025ರ ನವೆಂಬರ್‌ವರೆಗೆ 1923ರ ನೌಕರರ ಪರಿಹಾರ ಕಾಯ್ದೆಯಡಿಯೂ ಕೇಳಬಹುದಿತ್ತು, ಆದರೆ ಎರಡು ಕಾಯ್ದೆಗಳಲ್ಲಿ ಒಂದನ್ನು ಮಾತ್ರ ಆರಿಸಬೇಕಿತ್ತು. ಆ ಟ್ರೇಲರಿನ ಚಾಲಕನನ್ನು ನಾನು ನ್ಯಾಯಾಲಯದಲ್ಲಿ ನೋಡಿದೆ. ಇಪ್ಪತ್ತೈದರ ಹುಡುಗ. ಹಿಂದಿನ ದಿನ ಮಧ್ಯಾಹ್ನದಿಂದ ಗಾಡಿಯಲ್ಲೇ ಇದ್ದೆ ಎಂದ. ಆಗ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ ಎಂಟು ಗಂಟೆ ಎನ್ನುತ್ತಿತ್ತು. ನನ್ನ ಸಿಟ್ಟು ಅಂದು ಅರ್ಧಕ್ಕೆ ಇಳಿಯಿತು.

ಕೊನೆಯದಾಗಿ ವಕೀಲರ ಫೀಸು. ಬಂದ ಪರಿಹಾರದಲ್ಲಿ ಶೇಕಡಾ ಇಷ್ಟು ಎಂದು ಪಾಲು ಕೇಳುವುದು ವಕೀಲರ ನಿಯಮಗಳಿಗೆ ವಿರುದ್ಧ. ಆಸ್ಪತ್ರೆಯ ಬಾಗಿಲಲ್ಲಿ ಕಾಯುವ ದಲ್ಲಾಳಿಗಳು ಮೂವತ್ತು, ನಲುವತ್ತು ಎಂದು ಕೇಳುತ್ತಾರೆ. ಕೈಯಲ್ಲಿ ಹಣವಿಲ್ಲದ ಮಹಿಳೆಯರು, ಮಕ್ಕಳು, ಪರಿಶಿಷ್ಟರು, ಅಂಗವಿಕಲರು, ಕಾರ್ಮಿಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ವಕೀಲರನ್ನು ಕೇಳಬಹುದು. ಲೋಕ ಅದಾಲತಿನಲ್ಲಿ ರಾಜಿಯಾಗುವುದೂ ಒಳ್ಳೆಯ ದಾರಿಯೇ, ಆದರೆ ಅಲ್ಲಿ ಒಪ್ಪಿದ ಮೇಲೆ ಮೇಲ್ಮನವಿ ಇಲ್ಲ. ಲೆಕ್ಕ ಹಾಕಿ ನೋಡಿಯೇ ಒಪ್ಪಬೇಕು.

ಬಂದ ಹಣದಲ್ಲಿ ದೊಡ್ಡ ಪಾಲನ್ನು ನ್ಯಾಯಾಧಿಕರಣದ ಆದೇಶದಂತೆ ಠೇವಣಿ ಇಟ್ಟಿದ್ದಾರೆ. ಅಕ್ಕ ಚಿನ್ನ ಬಿಡಿಸಿಕೊಂಡಳು. ಮಗಳು ಈಗ ಕಾಲೇಜಿನಲ್ಲಿದ್ದಾಳೆ. ಭಾವ ಅದೇ ಹೊಟೇಲಿನ ಗಲ್ಲೆಯಲ್ಲಿ ದಿನಕ್ಕೆ ಐದು ಗಂಟೆ ಕೂರುತ್ತಾರೆ. ಕೃತಕ ಕಾಲು ಮಳೆಗಾಲದಲ್ಲಿ ಉಜ್ಜುತ್ತದೆ ಎಂದು ತೆಗೆದು ಕೌಂಟರಿನ ಕೆಳಗೆ ಇಟ್ಟುಕೊಳ್ಳುತ್ತಾರೆ. ಯಾದಗಿರಿಯ ಹುಡುಗ ಆಗಾಗ ಬಂದು ಊಟ ಮಾಡಿ ಹೋಗುತ್ತಾನೆ. ಬಿಲ್ಲು ಕೊಡಲು ಹೋದರೆ ಭಾವ ತೆಗೆದುಕೊಳ್ಳುವುದಿಲ್ಲ.

ಮೊನ್ನೆ ಅಕ್ಕ ನಗುತ್ತ, "ಅಂದು ನೀನು ಕೊಟ್ಟ ಪೆನ್ನು ಇನ್ನೂ ನನ್ನ ಚೀಲದಲ್ಲೇ ಇದೆ" ಎಂದಳು. ನನಗೆ ನಗು ಬರಲಿಲ್ಲ. ನಿಮ್ಮ ಮನೆಯವರಿಗೆ ಇಂಥ ದಿನ ಬಾರದಿರಲಿ. ಬಂದರೆ, ಆಸ್ಪತ್ರೆಯ ಮೊಗಸಾಲೆಯಲ್ಲಿ ಯಾರಾದರೂ ಪೆನ್ನು ಮುಂದೆ ಹಿಡಿದಾಗ, ಎರಡು ದಿನ ತಡೆದು ಒಬ್ಬ ತಿಳಿದವರನ್ನು ಕೇಳಿ.